ಖಾಸಗಿ ರಸ್ತೆ, ನಿಂತ ಕಾರು, ಕಸದ ದಂಡ

ಕಳೆದ ಮಳೆಗಾಲದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು, ರಸ್ತೆಬದಿಯಲ್ಲಿ ಕಸ ಹಾಕಿದ್ದಕ್ಕೆ ಕಟ್ಟಿದ ದಂಡದ ರಸೀದಿ. ಇನ್ನೊಂದು, ಮನೆಯ ಮುಂದಿನ ರಸ್ತೆಯಲ್ಲಿ ನೆರೆಯವರು ಹಗಲೂ ರಾತ್ರಿ ನಿಲ್ಲಿಸುವ ಕಾರನ್ನು ತೆಗೆಸಿಕೊಡಿ ಎಂದು ಠಾಣೆಗೆ ಕೊಟ್ಟ ದೂರಿಗೆ ಬಂದ ಹಿಂಬರಹ. ಅದು ಖಾಸಗಿ ರಸ್ತೆಯಾದ್ದರಿಂದ ವಿಷಯ ಸಿವಿಲ್ ಸ್ವರೂಪದ್ದಾಗಿದೆ, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ನಾನು ಎರಡು ಬೇರೆ ಬೇರೆ ಕಡತ ತೆರೆಯಲು ಹೊರಟಿದ್ದೆ. ಅವರು ತಡೆದು, "ಸಾರ್, ದಂಡ ಕಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ, ತಪ್ಪು ನನ್ನದೇ. ಆದರೆ ಆ ಕಾರು ಅಲ್ಲಿ ನಿಂತಿರೋದರಿಂದಲೇ ಕಸದ ಗಾಡಿ ಒಳಗೆ ಬರೋದಿಲ್ಲ. ನಾನು ಕಸ ಎಲ್ಲಿ ಕೊಡಲಿ, ಹೇಳಿ" ಎಂದರು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ದಕ್ಷಿಣ ಬೆಂಗಳೂರಿನ ಆ ಬಡಾವಣೆಗೆ ಹೋಗಿ ನೋಡಿದೆ. ಹನ್ನೊಂದು ಮನೆಗಳಿರುವ, ಕೊನೆಯಲ್ಲಿ ಗೋಡೆಗೆ ಮುಟ್ಟಿ ನಿಲ್ಲುವ ರಸ್ತೆ ಅದು. ಕ್ರಯಪತ್ರದ ಪ್ರಕಾರ ಅಗಲ 20 ಅಡಿ. ಎರಡೂ ಬದಿಯ ಮನೆಗಳವರು ಗೇಟಿನ ಮುಂದೆ ಕಟ್ಟಿಕೊಂಡ ಮೆಟ್ಟಿಲು ಮತ್ತು ಗಾಡಿ ಹತ್ತಿಸುವ ಇಳಿಜಾರುಗಳು ಸೇರಿ ಐದಾರು ಅಡಿಯನ್ನು ನುಂಗಿದ್ದವು. ಒಂದು ಬದಿಯಲ್ಲಿ ಆ ಕಾರು, ಎದುರು ಬದಿಯಲ್ಲಿ ಇನ್ನೊಬ್ಬರು ತಮ್ಮ ಜಾಗ ಕಾಯ್ದಿರಿಸಲು ಪೇಂಟ್ ಡಬ್ಬಿಗೆ ಸಿಮೆಂಟ್ ತುಂಬಿ ಕಬ್ಬಿಣದ ಸರಳು ನೆಟ್ಟು ಇಟ್ಟಿದ್ದ ಕಂಬ. ಉಳಿದದ್ದರಲ್ಲಿ ಸ್ಕೂಟರ್ ಹೋಗಬಹುದು, ಆಟೋ ಟಿಪ್ಪರ್ ಹೋಗದು. ಟಿಪ್ಪರ್ ರಸ್ತೆಯ ಬಾಯಲ್ಲೇ ನಿಂತು, ಸೀಟಿ ಊದಿ, ಐದು ನಿಮಿಷ ಕಾದು ಮುಂದೆ ಹೋಯಿತು. ಮಂಡಿನೋವಿನ ನನ್ನ ಕಕ್ಷಿದಾರರು ಹಸಿರು ಡಬ್ಬ ಹಿಡಿದು ಕೊನೆಯ ಮನೆಯಿಂದ ಬರುವಷ್ಟರಲ್ಲಿ ಅದು ತಿರುವಿನಲ್ಲಿ ಮರೆಯಾಗಿತ್ತು. ರಸ್ತೆಯ ಬಾಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ, ಕಸ ಹಾಕದಿರಲೆಂದು ಪೌರಕಾರ್ಮಿಕರು ಬರೆದಿದ್ದ ರಂಗೋಲಿಯ ಮೇಲೆ ಆಗಲೇ ಮೂರು ಕವರುಗಳು ಬಿದ್ದಿದ್ದವು.

ಅಪಾರ್ಟ್‌ಮೆಂಟ್ ಸಂಘಗಳ ಮತ್ತು ಬಡಾವಣೆಗಳ ವ್ಯಾಜ್ಯಗಳನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ನನಗೆ ಇಂಥ ದೂರುಗಳು ಬಿಡಿಬಿಡಿಯಾಗಿ ಬರುತ್ತವೆ. ಆದರೆ ಎಲ್ಲವೂ ಬಂದು ನಿಲ್ಲುವುದು ಒಂದೇ ಪ್ರಶ್ನೆಯ ಎದುರು: ಈ ರಸ್ತೆ ಕಾಗದದ ಮೇಲೆ ಯಾರದು? ಗುಡಿಸಬೇಕಾದವರು ಯಾರು, ದಂಡ ಹಾಕಬಲ್ಲವರು ಯಾರು, ವಾಹನ ಎತ್ತಿಸಬಲ್ಲವರು ಯಾರು ಎಂಬುದೆಲ್ಲ ಬಹುಮಟ್ಟಿಗೆ ಅದರಿಂದ ತೀರ್ಮಾನವಾಗುತ್ತದೆ. ಮನೆ ಕೊಳ್ಳುವಾಗ ಗೋಡೆಯೊಳಗಿನ ಪ್ರತಿ ಚದರಡಿಯನ್ನೂ ಲೆಕ್ಕ ಹಾಕುವ ನಾವು ಗೇಟಿನ ಹೊರಗೆ ಏನಿದೆ ಎಂದು ಚೆಕ್ಕುಬಂದಿಯನ್ನು, ಅಂದರೆ ಕ್ರಯಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಓದಿ ನೋಡುವುದಿಲ್ಲ.

ಮೊದಲು ಕಸದ ವಿಷಯ. ಬೀದಿ ಮೂಲೆಯ ಸಿಮೆಂಟ್ ತೊಟ್ಟಿ, ಅದರ ಸುತ್ತ ದನ ನಾಯಿಗಳು, ಇವು ನನ್ನ ವಯಸ್ಸಿನ ಬೆಂಗಳೂರಿಗರಿಗೆ ನೆನಪಿರುತ್ತವೆ. ಮನೆಮನೆಯಿಂದ ಕಸ ಸಂಗ್ರಹಿಸುವ ವ್ಯವಸ್ಥೆ ಬಂದಾಗ ಆಡಳಿತವು ಯೋಚಿಸಿಯೇ ಆ ತೊಟ್ಟಿಗಳನ್ನು ತೆಗೆಯಿತು. 2012ರಲ್ಲಿ ಮಾವಳ್ಳಿಪುರದ, 2014ರ ಕೊನೆಗೆ ಮಂಡೂರಿನ ಜನ ತಮ್ಮೂರಿನಲ್ಲಿ ನಗರದ ಕಸ ಸುರಿಯುವುದನ್ನು ನಿಲ್ಲಿಸಿದ ಮೇಲೆ, ಮೂಲದಲ್ಲೇ ಕಸ ಬೇರ್ಪಡಿಸದೆ ಬೇರೆ ದಾರಿ ಉಳಿಯಲಿಲ್ಲ. ಹೈಕೋರ್ಟಿನ ಆದೇಶಗಳ ಬೆನ್ನಲ್ಲೇ ಎರಡು ಡಬ್ಬ, ಒಂದು ಚೀಲದ ಪದ್ಧತಿ ಜಾರಿಗೆ ಬಂತು: ಹಸಿ ಕಸಕ್ಕೆ ಹಸಿರು, ಸ್ಯಾನಿಟರಿ ಮತ್ತು ತಿರಸ್ಕೃತ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಬೀದಿಯಲ್ಲಿ ತೊಟ್ಟಿ ಇಟ್ಟರೆ ಜನ ಎಲ್ಲವನ್ನೂ ಒಂದೇ ಕವರಿನಲ್ಲಿ ಕಟ್ಟಿ ಅದಕ್ಕೇ ಎಸೆಯುತ್ತಾರೆ, ಬೇರ್ಪಡಿಸುವ ಶ್ರಮವೆಲ್ಲ ವ್ಯರ್ಥವಾಗುತ್ತದೆ ಎಂಬ ಅಧಿಕಾರಿಗಳ ಭಯ ಸುಳ್ಳಲ್ಲ.

ಮನೆಯ ಕಸದ ಮಟ್ಟಿಗೆ ಆ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಡೆದುಹೋಗುವವರ ವಿಷಯದಲ್ಲಿ ಒಪ್ಪಲಾರೆ. ಬಸ್ ನಿಲ್ದಾಣದಲ್ಲಿ ಮಗುವಿಗೆ ಬಿಸ್ಕತ್ ಕೊಡಿಸಿದ ತಾಯಿಯ ಕೈಯಲ್ಲಿ ಉಳಿಯುವ ಹೊದಿಕೆಗೂ ನಾಲ್ಕು ದಿನದ ಅಡುಗೆಮನೆ ಕಸದ ಮೂಟೆಗೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಕೈಯಳತೆಯಲ್ಲಿ ಒಂದು ಸಣ್ಣ ಬುಟ್ಟಿ ಬೇಕು, ಎರಡನೆಯದಕ್ಕೆ ಮನೆ ಬಾಗಿಲಿಗೆ ಬರುವ ಗಾಡಿ ಬೇಕು. ತೊಟ್ಟಿ ಇರಲಿಲ್ಲ ಎಂಬುದು ಕಾನೂನಿನಲ್ಲಿ ಪ್ರತಿವಾದವಾಗದು, ಎಸೆಯದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳುತ್ತಾರೆ, ಆ ಪ್ರಶ್ನೆ ಸರಿಯಾದದ್ದೇ. ಆದರೂ ಮಾರುಕಟ್ಟೆ, ಬಸ್ ನಿಲ್ದಾಣ, ಆಸ್ಪತ್ರೆಗಳ ಬಳಿ ಬುಟ್ಟಿ ಇಟ್ಟು, ದಿನಕ್ಕೆರಡು ಬಾರಿ ಖಾಲಿ ಮಾಡಿ, ಆಮೇಲೆ ದಂಡ ಹಾಕಿದರೆ ಆ ದಂಡಕ್ಕೆ ಜನರ ಮನಸ್ಸಿನಲ್ಲಿ ಬೇರೆಯೇ ಬೆಲೆ ಇರುತ್ತದೆ. ಇನ್ನೊಂದು ಮಾತು: ಬೀದಿ ವ್ಯಾಪಾರಿಗಳು ತಮ್ಮ ವ್ಯಾಪಾರದಿಂದಾಗುವ ಕಸಕ್ಕೆ ತಾವೇ ಡಬ್ಬ ಇಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ಎಳನೀರು ಅಂಗಡಿಯಲ್ಲಿ, ಚಹಾದ ಗಾಡಿಯ ಬಳಿ ಡಬ್ಬ ಎಲ್ಲಿ ಎಂದು ಗ್ರಾಹಕರು ಸಂಕೋಚವಿಲ್ಲದೆ ಕೇಳಬೇಕು.

ದಂಡ ಹಾಕಿದಾಗ ನೋಡಬೇಕಾದದ್ದು ಬಹಳವೇನಿಲ್ಲ. ಹಾಕಿದವರ ಗುರುತಿನ ಚೀಟಿ, ಯಾವ ನಿಯಮದಡಿ ಎಂಬ ಉಲ್ಲೇಖ, ಸ್ಥಳ ಮತ್ತು ಸಮಯ, ರಸೀದಿ. ಬೆಂಗಳೂರಿಗೆ 2020ರ ಘನತ್ಯಾಜ್ಯ ಉಪವಿಧಿಗಳು ದಂಡಕ್ಕೆ ಆಧಾರ ಒದಗಿಸಿದವು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಯಲ್ಲೇ ಕಸದ ಸೇವಾ ಶುಲ್ಕವನ್ನೂ ವಸೂಲು ಮಾಡಲಾಗುತ್ತಿದೆ. ಹೀಗೆ ಶುಲ್ಕ ಕಟ್ಟುವವರಿಗೆ ಗಾಡಿ ಬರಲಿಲ್ಲವೆಂದು ಕೇಳುವ ಹಕ್ಕು ಖಂಡಿತ ಇದೆ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ನಗರದ ಆಡಳಿತವು ಕಸ ತಂದು ಸುರಿದದ್ದನ್ನು ಅನೇಕರು ಮೆಚ್ಚಿದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಕ್ರಮವನ್ನು ಒಪ್ಪುವುದು ಕಷ್ಟ. ದಂಡ ವಿಧಿಸಲು ಕಾನೂನಿನ ಬಲ ಇರುವಾಗ ಅವಮಾನಿಸುವ ದಾರಿ ಹಿಡಿಯಬೇಕಿರಲಿಲ್ಲ, ಆ ಕಸವನ್ನು ಮತ್ತೆ ಎತ್ತಬೇಕಾದವರೂ ಪೌರಕಾರ್ಮಿಕರೇ.

ಈಗ ರಸ್ತೆಯ ಪ್ರಶ್ನೆಗೆ ಬರೋಣ. ಬೆಂಗಳೂರಿನಲ್ಲಿ ಜನ ಖಾಸಗಿ ರಸ್ತೆ ಎಂದು ಕರೆಯುವುದರಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಅನುಮೋದಿತ ಬಡಾವಣೆಯ ರಸ್ತೆ. ನಕ್ಷೆ ಮಂಜೂರಾಗುವಾಗ ರಸ್ತೆ ಮತ್ತು ಉದ್ಯಾನದ ಜಾಗವನ್ನು ಪ್ರಾಧಿಕಾರಕ್ಕೆ ಇಲ್ಲವೇ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಡುವ ಪತ್ರ ನೋಂದಣಿಯಾಗಿದ್ದರೆ, ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ "ಖಾಸಗಿ ರಸ್ತೆ, ಪ್ರವೇಶವಿಲ್ಲ" ಎಂದು ಫಲಕ ಹಾಕಿದ ಮಾತ್ರಕ್ಕೆ ಅದು ಖಾಸಗಿಯಾಗುವುದಿಲ್ಲ. ಎರಡನೆಯದು ಅಪಾರ್ಟ್‌ಮೆಂಟ್ ಸಮುಚ್ಚಯದ ಒಳದಾರಿ. ಅದರಲ್ಲಿ ಎಲ್ಲ ಮಾಲೀಕರಿಗೂ ಅವಿಭಾಜ್ಯ ಪಾಲಿರುತ್ತದೆ, ಯಾರೊಬ್ಬರ ಸ್ವಂತವೂ ಅಲ್ಲ. ತೆರೆದ ಪಾರ್ಕಿಂಗ್ ಜಾಗವನ್ನು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಸಾಮಾನ್ಯ ಪ್ರದೇಶದೊಳಗೇ ಸೇರಿಸಿದೆ. ಅದನ್ನು ಬೇರೆಯಾಗಿ ಮಾರಿದ ಬಿಲ್ಡರ್‌ಗಳ ಪತ್ರಗಳನ್ನು ಹಿಡಿದು ನನ್ನ ಬಳಿ ಬರುವವರು ಇಂದಿಗೂ ಇದ್ದಾರೆ.

ಮೂರನೆಯ ಬಗೆಯೇ ಅತ್ಯಂತ ತೊಡಕಿನದು, ನನ್ನ ಕಕ್ಷಿದಾರರ ರಸ್ತೆ ಆ ಬಗೆಗೆ ಸೇರಿದ್ದು. ದಶಕಗಳ ಹಿಂದೆ ಒಬ್ಬ ಜಮೀನುದಾರರು ತಮ್ಮ ತೋಟವನ್ನು ಹನ್ನೊಂದು ನಿವೇಶನಗಳಾಗಿ ಮಾಡಿ ಮಾರಿದರು. ಪ್ರತಿ ಕ್ರಯಪತ್ರದಲ್ಲೂ "ಪೂರ್ವಕ್ಕೆ 20 ಅಡಿ ಖಾಸಗಿ ರಸ್ತೆ" ಅಥವಾ "ಪಶ್ಚಿಮಕ್ಕೆ 20 ಅಡಿ ಖಾಸಗಿ ರಸ್ತೆ" ಎಂದು ಬರೆಸಿದರು. ರಸ್ತೆಯನ್ನು ಮಾತ್ರ ಯಾರಿಗೂ ಮಾರಲಿಲ್ಲ, ಯಾವ ಸಂಸ್ಥೆಗೂ ಬಿಟ್ಟುಕೊಡಲಿಲ್ಲ. ಅವರು ತೀರಿಕೊಂಡು ವರ್ಷಗಳಾದವು, ದಾಖಲೆಯಲ್ಲಿ ಆ ನೆಲ ಇಂದಿಗೂ ಅವರದೇ. ಹನ್ನೊಂದು ಮನೆಯವರಿಗೂ ಇರುವುದು ಅದರ ಮೇಲೆ ಹೋಗಿಬರುವ ಹಕ್ಕು. ಹೋಗಿಬರುವ ಹಕ್ಕು ಬೇರೆ, ನಿಲ್ಲಿಸಿಕೊಳ್ಳುವ ಹಕ್ಕು ಬೇರೆ. ನಮ್ಮ ಮನೆ ಮುಂದಿನ ಅರ್ಧ ರಸ್ತೆಗೂ ಸೇರಿಸಿಯೇ ದುಡ್ಡು ಕೊಟ್ಟಿದ್ದೇವೆ ಎಂಬ ನಂಬಿಕೆ ಈ ಊರಿನಲ್ಲಿ ಬಹಳ ಗಟ್ಟಿಯಾಗಿದೆ. ಕಾರಿನ ಮಾಲೀಕರೂ ನನ್ನೆದುರು ಅದನ್ನೇ ಹೇಳಿದರು, ಪ್ರಾಮಾಣಿಕವಾಗಿಯೇ ಹೇಳಿದರು. ಅವರ ಮನೆಯ ನಕ್ಷೆಯಲ್ಲಿ ಗ್ಯಾರೇಜ್ ಎಂದು ತೋರಿಸಿದ್ದ ಜಾಗದಲ್ಲಿ ಒಬ್ಬ ಟೈಲರ್ ಬಾಡಿಗೆಗಿದ್ದರು.

ಪೊಲೀಸರ ಹಿಂಬರಹ ಪೂರ್ತಿ ತಪ್ಪೆಂದು ಹೇಳಲಾಗದು. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನಡಿ ವಾಹನ ಎತ್ತಿಸಲು ಅದು ಸಾರ್ವಜನಿಕ ಸ್ಥಳದಲ್ಲಿ ನಿಂತಿರಬೇಕು, ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗವೇ ಸಾರ್ವಜನಿಕ ಸ್ಥಳ ಎಂದು ಅದೇ ಕಾಯ್ದೆ ವ್ಯಾಖ್ಯಾನಿಸುತ್ತದೆ. ಇಲ್ಲಿ ನೆಲದ ಒಡೆತನಕ್ಕಿಂತ ಪ್ರವೇಶದ ಹಕ್ಕು ಮುಖ್ಯ ಎಂಬುದನ್ನು ಗಮನಿಸಬೇಕು. ಎರಡು ಬೀದಿಗಳನ್ನು ಕೂಡಿಸುವ, ವರ್ಷಗಳಿಂದ ಊರೆಲ್ಲ ಓಡಾಡುವ ದಾರಿಯಾಗಿದ್ದರೆ ಖಾಸಗಿ ಎಂಬ ಹೆಸರಿದ್ದರೂ ಪೊಲೀಸರು ಕೈಕಟ್ಟಿ ಕೂರಬೇಕಿಲ್ಲ ಎಂದು ನಾನು ವಾದಿಸುತ್ತಿದ್ದೆ. ಹನ್ನೊಂದು ಮನೆಗಳ ತುದಿಗಟ್ಟಿದ ದಾರಿಯಲ್ಲಿ ಆ ವಾದ ದುರ್ಬಲ.

ಹಾಗೆಂದು ಸ್ವತಃ ಕೈ ಹಾಕಬೇಡಿ ಎಂದು ಪ್ರತಿಯೊಬ್ಬ ಕಕ್ಷಿದಾರರನ್ನೂ ಕೇಳಿಕೊಳ್ಳುತ್ತೇನೆ. ಟೈರಿನ ಗಾಳಿ ತೆಗೆಯುವುದು, ಚಕ್ರಕ್ಕೆ ಬೀಗ ಹಾಕುವುದು, ಕಾರಿನ ಹಿಂದೆ ಕಲ್ಲು ಜೋಡಿಸುವುದು, ಇವೆಲ್ಲ ನ್ಯಾಯ ಕೇಳಲು ಹೋದವರನ್ನೇ ಆರೋಪಿಯಾಗಿಸುತ್ತವೆ. ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅಕ್ರಮ ತಡೆಗೆ ಒಂದು ತಿಂಗಳವರೆಗೆ ಸಾದಾ ಸಜೆ, 5000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಖಾಸಗಿ ದಾರಿಯನ್ನು ತಡೆಯಲು ತನಗೆ ಹಕ್ಕಿದೆಯೆಂದು ಸದ್ಭಾವನೆಯಿಂದ ನಂಬಿ ತಡೆದವರಿಗೆ ಅದೇ ಕಲಮು ವಿನಾಯಿತಿ ಕೊಟ್ಟಿದೆ ನಿಜ, ಆದರೆ ಸದ್ಭಾವನೆ ಇತ್ತೆಂದು ತೋರಿಸಲು ಠಾಣೆ, ಕೋರ್ಟು ಸುತ್ತಬೇಕಾದೀತು. ಸಂಘಗಳಿಗೂ ಇದೇ ಎಚ್ಚರ ಅಗತ್ಯ. ಉಪವಿಧಿಗಳಲ್ಲಿ ಬರೆದುಕೊಂಡ ದಂಡವನ್ನು ಸದಸ್ಯರಿಂದ ಕೇಳಬಹುದು. ಅತಿಥಿಯ ಅಥವಾ ಸಾಮಾನು ತಂದ ಹುಡುಗನ ಗಾಡಿಗೆ ಬೀಗ ಜಡಿದು ಹಣ ಕೇಳುವ ಅಧಿಕಾರ ಯಾವ ಸಂಘಕ್ಕೂ ಇಲ್ಲ.

ನಮ್ಮ ಪ್ರಕರಣದಲ್ಲಿ ದಾವೆ ಹೂಡುವ ಅಗತ್ಯ ಬರಲಿಲ್ಲ. ನೋಟಿಸ್ ಕೊಟ್ಟು, ವ್ಯಾಜ್ಯಪೂರ್ವ ಪ್ರಕರಣವಾಗಿ ಲೋಕ ಅದಾಲತ್‌ಗೆ ಹೋದೆವು. ಅಲ್ಲಿ ಆಗುವ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಮೇಲ್ಮನವಿಯೂ ಇಲ್ಲ. ಮಾತುಕತೆಯಲ್ಲಿ ಕೆಲಸ ಮಾಡಿದ್ದು ಕಲಮುಗಳಿಗಿಂತ ಹೆಚ್ಚಾಗಿ ಹನ್ನೊಂದು ಕ್ರಯಪತ್ರಗಳ ಚೆಕ್ಕುಬಂದಿಯನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರೆದುರು ಇಟ್ಟದ್ದು. ರಸ್ತೆ ತಮ್ಮ ಯಾರದೂ ಅಲ್ಲ ಎಂದು ಮೊದಲ ಬಾರಿಗೆ ಎಲ್ಲರೂ ಒಟ್ಟಿಗೆ ಓದಿದರು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಯಾವ ಕಾರೂ ರಸ್ತೆಯಲ್ಲಿ ಇರಬಾರದು, ಸಿಮೆಂಟ್ ಡಬ್ಬಿಯನ್ನು ತೆಗೆಯಬೇಕು, ಟೈಲರ್‌ರ ಬಾಡಿಗೆ ಕರಾರು ಮುಗಿದ ಮೇಲೆ ಗ್ಯಾರೇಜನ್ನು ಗ್ಯಾರೇಜಾಗಿಯೇ ಬಳಸಬೇಕು ಎಂದು ಬರೆದುಕೊಂಡರು. ಟಿಪ್ಪರ್ ಈಗ ಕೊನೆಯ ಮನೆಯವರೆಗೂ ಹಿಮ್ಮುಖವಾಗಿ ಬರುತ್ತದೆ.

ರಸ್ತೆಯನ್ನು ಪಾಲಿಕೆಗೆ ಬಿಟ್ಟುಕೊಡುವ ಕೆಲಸ ಇನ್ನೂ ಬಾಕಿಯಿದೆ. ಅದು ಆಗದೆ ದೀಪ, ಚರಂಡಿ, ಡಾಂಬರು ಯಾವುದಕ್ಕೂ ಅರ್ಜಿ ನಿಲ್ಲದು. ಜಮೀನುದಾರರ ನಾಲ್ವರು ಮಕ್ಕಳಲ್ಲಿ ಮೂವರು ಸಹಿ ಮಾಡಿದ್ದಾರೆ, ವಿದೇಶದಲ್ಲಿರುವ ನಾಲ್ಕನೆಯವರ ಅಧಿಕಾರಪತ್ರಕ್ಕಾಗಿ ಕಾಯುತ್ತಿದ್ದೇವೆ.