ಮಳೆಗಾಲದ ಏದುಸಿರು, ಕಾಲಿನಲ್ಲಿ ಕಟ್ಟಿದ ಹೆಪ್ಪು

ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿಬಿದ್ದ ಅಜ್ಜಿಗೆ ಕೊಡಗಿನ ಮನೆಗಳಲ್ಲಿ ಸಿಗುವ ಮೊದಲ ಆರೈಕೆ ಹಾಸಿಗೆ. ಕಂಬಳಿ ಹೊದಿಸಿ ‘ಏಳಲೇಬೇಡಿ’ ಎನ್ನುತ್ತಾರೆ. ಅದು ಪ್ರೀತಿಯ ಮಾತೇ. ಆದರೆ ಅಲುಗಾಡದ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಅದು ಕಳಚಿಕೊಂಡು ಹೃದಯವನ್ನು ಹಾದು ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಪಲ್ಮನರಿ ಎಂಬಾಲಿಸಂ. ವಯಸ್ಸಾದವರಲ್ಲಿ ಇದು ಎದೆನೋವಿಲ್ಲದೆ, ಬರೀ ಏದುಸಿರಾಗಿ ಅಥವಾ ತಲೆಸುತ್ತಾಗಿಯೂ ಕಾಣಿಸಿಕೊಳ್ಳುತ್ತದೆ. ಮನೆಯವರು ಅದನ್ನು ಮಳೆಯ ಶೀತಕ್ಕೋ ವಯಸ್ಸಿಗೋ ಸೇರಿಸಿಬಿಡುತ್ತಾರೆ.

ಹೆಪ್ಪಿನ ಈ ಪಯಣವನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 19ನೇ ಶತಮಾನದ ನಡುವೆಯೇ ವಿವರಿಸಿದ್ದರು. 1916ರಲ್ಲಿ ಹೆಪ್ಪು ತಡೆಯುವ ಹೆಪಾರಿನ್ ಕಂಡುಬಂತು. ರಕ್ತ ಹೆಪ್ಪುಗಟ್ಟದಂತೆ ತಡೆದರೆ ಈ ಕಾಯಿಲೆಯಲ್ಲಿ ಜೀವ ಉಳಿಯುತ್ತದೆಂದು ಪ್ರಯೋಗವೊಂದು ತೋರಿಸಿದ್ದು 1960ರಲ್ಲಿ.

ಅಷ್ಟರಲ್ಲಿ ಹೆಪ್ಪು ತಡೆಯುವ ಮಾತ್ರೆ ವಾರ್ಫರಿನ್ ಬಂದಾಗಿತ್ತು. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಕೆಟ್ಟ ಮೇವು ತಿಂದು ರಕ್ತಸ್ರಾವದಿಂದ ಸತ್ತವು. ಆ ಮೇವಿನಲ್ಲಿದ್ದ ವಸ್ತುವಿನ ಜಾಡು ಹಿಡಿದು ಹೊರಟವರಿಗೆ ಮೊದಲು ಇಲಿ ಪಾಷಾಣ ಸಿಕ್ಕಿತು, 1954ರಲ್ಲಿ ಅದೇ ಮನುಷ್ಯರ ಮಾತ್ರೆಯಾಯಿತು. ಮಾತ್ರೆ ಅಗ್ಗ, ಪಥ್ಯ ಮಾತ್ರ ಕಷ್ಟ. ರಕ್ತದ ಐಎನ್‌ಆರ್ (ಹೆಪ್ಪುಗಟ್ಟಲು ರಕ್ತ ಎಷ್ಟು ತಡಮಾಡುತ್ತದೆ ಎಂಬ ಅಳತೆ) ಸಾಮಾನ್ಯವಾಗಿ 2ರಿಂದ 3ರ ಒಳಗಿರಬೇಕು: ಕಡಿಮೆಯಾದರೆ ಮತ್ತೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಹಾಗಾಗಿ ಪರೀಕ್ಷೆ ತಪ್ಪುವಂತಿಲ್ಲ. ತೋಟದೊಳಗಿನ ಒಂಟಿ ಮನೆಯಿಂದ, ಮಕ್ಕಳೆಲ್ಲ ಬೆಂಗಳೂರಿನಲ್ಲಿರುವಾಗ, ಮರ ಬಿದ್ದು ರಸ್ತೆ ಕಟ್ಟಿದ ಜುಲೈನಲ್ಲಿ ಲ್ಯಾಬಿಗೆ ಹೋಗುವುದು ಹೇಗೆ? ಊಟದಲ್ಲಿಯೂ ತೊಡಕಿದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಶಕ್ತಿ ಕುಗ್ಗಿಸುತ್ತದೆ. ವರ್ಷವಿಡೀ ಒಂದೇ ಪ್ರಮಾಣದಲ್ಲಿ ಸೊಪ್ಪು ತಿನ್ನುವವರಿಗೆ ಚಿಂತೆಯಿಲ್ಲ. ನಮ್ಮಲ್ಲಿ ಕೆಸದೆಲೆಯ ಪತ್ರೊಡೆ ಮಳೆಯೊಂದಿಗೇ ಬರುತ್ತದೆ. ಮಾತ್ರೆಯ ಚೀಟಿ ಬರೆಯುವಾಗ ಋತುವಿನ ಊಟವನ್ನೂ ಕೇಳಬೇಕಿತ್ತು.

ಹೆಪ್ಪು ತಡೆಯುವ ಹೊಸ ಮಾತ್ರೆಗಳಾದ ರಿವರಾಕ್ಸಬಾನ್, ಅಪಿಕ್ಸಬಾನ್‌ಗಳು ಬಂದ ಮೇಲೆ ಐಎನ್‌ಆರ್ ಓಡಾಟ ತಪ್ಪಿತು. ಆದರೂ ಹಿರಿಯರ ಮೂತ್ರಪಿಂಡ ಎಷ್ಟು ಗಟ್ಟಿಯಿದೆ ಎಂದು ನೋಡಿಯೇ ಇವನ್ನು ಕೊಡಬೇಕು.

ಪತ್ತೆಯ ದಾರಿಯೂ ಬದಲಾಗಿದೆ. ಅನುಮಾನ ಹೆಚ್ಚಿಲ್ಲದಾಗ ಕಾಯಿಲೆ ಇಲ್ಲವೆಂದು ಖಚಿತಪಡಿಸಲು ಡಿ-ಡೈಮರ್ ರಕ್ತಪರೀಕ್ಷೆ ಇದೆ; ಹೆಪ್ಪು ಕರಗುವಾಗ ಉಳಿಯುವ ಚೂರುಗಳನ್ನು ಅದು ಅಳೆಯುತ್ತದೆ. ವಯಸ್ಸಾದಂತೆ ಆ ಅಳತೆ ತಾನಾಗಿಯೇ ಏರುವುದರಿಂದ, ಮಿಲಿಲೀಟರಿಗೆ 500 ನ್ಯಾನೋಗ್ರಾಂ ಎಂಬ ಗಡಿ ಹಿರಿಯರಿಗೆ ಹೊಂದುತ್ತಿರಲಿಲ್ಲ. ಈಗ 50 ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸುತ್ತಾರೆ. 80ರ ಅಜ್ಜಿಗೆ ಗಡಿ 800. ಅದನ್ನೂ ಮೀರಿದರೆ ಸಿ.ಟಿ. ಸ್ಕ್ಯಾನ್. ಮಡಿಕೇರಿಯಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ, ಆದರೂ ಗಂಭೀರ ಸ್ಥಿತಿಯಲ್ಲಿ ಎಷ್ಟೋ ಕುಟುಂಬಗಳು ಸುಮಾರು 120 ಕಿ.ಮೀ. ದೂರದ ಮೈಸೂರನ್ನೇ ನೆನೆಯುತ್ತವೆ. ಹೆಪ್ಪು ಕಟ್ಟದಿರಲೆಂದು, ಸೊಂಟದ ಶಸ್ತ್ರಚಿಕಿತ್ಸೆಯಾದವರನ್ನು ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಈಗಿನ ರೂಢಿ. ಮನೆಗೆ ಬಂದ ಮೇಲೆ ಅವರನ್ನು ಅಂಗಳದವರೆಗೆ ನಡೆಸಲು ಒಂದು ಕೈ ಬೇಕು.