ಕ್ರೆಬ್ಸ್ ಸೈಕಲ್ ಬಿಡಿ, ಆ ಗೆರೆ ನೋಡಿ

ಅಮೆರಿಕದ ಹೈಸ್ಕೂಲಿನಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಬಯಾಲಜಿ ಪಾಠ ಮಾಡುತ್ತೇನೆ ಅಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಇಲ್ಲಿನವರದು, ‘ಎ.ಪಿ. ಬಯೋ’ ನೋಡಿದ್ದೀರಾ? ನಮ್ಮ ಕನ್ನಡದ ಅಪ್ಪ-ಅಮ್ಮಂದಿರದು, “ಮೇಡಂ, ಬಯಾಲಜಿ ಅಂದ್ರೆ ಬಾಯಿಪಾಠ ತಾನೆ? ನಾವು ಪಿಯುಸಿಲಿ ಹಾಗೇ ಪಾಸಾಗಿದ್ದು.”

ನೋಡಿದ್ದೇನೆ. 2018ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ ಹಾಸ್ಯ ಧಾರಾವಾಹಿ. ಹಾರ್ವರ್ಡ್‌ನಲ್ಲಿ ಫಿಲಾಸಫಿ ಮೇಷ್ಟ್ರಾಗಿದ್ದ ಜ್ಯಾಕ್ ಗ್ರಿಫಿನ್ ಕೆಲಸ ಕಳೆದುಕೊಂಡು ಒಹಾಯೊದ ಟೊಲೀಡೊಗೆ ಬಂದು ಹೈಸ್ಕೂಲಿನಲ್ಲಿ ಎಪಿ ಬಯಾಲಜಿ ಮೇಷ್ಟ್ರಾಗುತ್ತಾನೆ. ಬಯಾಲಜಿ ಕಲಿಸೋದಿಲ್ಲ ಅಂತ ಮೊದಲೇ ಹೇಳಿಬಿಟ್ಟು, ಎದುರಾಳಿಯ ಮೇಲೆ ಸೇಡು ತೀರಿಸಿಕೊಳ್ಳಲು ಮಕ್ಕಳನ್ನು ಬಳಸಿಕೊಳ್ಳುತ್ತಾನೆ. ಚೆನ್ನಾಗಿ ನಗಿಸುತ್ತದೆ. ಪಾಪ, ಆ ಮಕ್ಕಳು ಮೇ ತಿಂಗಳ ಪರೀಕ್ಷೆಯಲ್ಲಿ ಏನು ಬರೆಯುತ್ತಾರೆ ಅನ್ನೋ ಚಿಂತೆ ನನ್ನಂಥವರಿಗೆ ಮಾತ್ರ!

ಬಾಯಿಪಾಠದ ವಿಷಯಕ್ಕೆ ಬರೋಣ. ಒಬ್ಬ ಹುಡುಗ ಕ್ರೆಬ್ಸ್ ಸೈಕಲ್ಲನ್ನು (ಜೀವಕೋಶ ಆಹಾರದಿಂದ ಶಕ್ತಿ ಪಡೆಯುವಾಗ ನಡೆಯುವ ರಾಸಾಯನಿಕ ಕ್ರಿಯೆಗಳ ಸರಣಿ) ಮೊದಲ ಹಂತದ ಸಿಟ್ರೇಟ್‌ನಿಂದ ಹಿಡಿದು ಮಗ್ಗಿ ಥರ ಒಪ್ಪಿಸಿದ. ಅದರ ಹಂತಗಳು, ಎನ್ಜೈಮ್ ಹೆಸರುಗಳು ಪರೀಕ್ಷೆಗಿಲ್ಲ ಅಂತ ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನ ಸಿಲಬಸ್ಸಿನಲ್ಲೇ ಬರೆದಿದೆ. ತೋರಿಸಿದೆ. ಮುಖ ಸಪ್ಪಗಾಯಿತು. ಬೇಸಿಗೆ ರಜೆಯಲ್ಲಿ ಕೂರಿಸಿ ಕಲಿಸಿದ್ದು ಅವನಪ್ಪ.

ಕೇಳೋದೇನು ಹಾಗಾದ್ರೆ? ಜಾಸ್ತಿ ಪ್ರಶ್ನೆಗಳಲ್ಲಿ ಒಂದು ಪ್ರಯೋಗ ಕೊಟ್ಟು, ಗ್ರಾಫ್ ಕೊಟ್ಟು, ಇದರಿಂದ ಏನು ಹೇಳಬಹುದು ಅಂತಾರೆ. ಮಕ್ಕಳು ಬೀಳೋದು ಎರರ್ ಬಾರ್ ಹತ್ರ. ಗ್ರಾಫಿನ ಕಂಬದ ತಲೆ ಮೇಲೆ ‘ಐ’ ಆಕಾರದ ಗೆರೆ ಇರುತ್ತಲ್ಲ, ಅದು.

ಕ್ಲಾಸಿನಲ್ಲಿ ಪಾಲಕ್ ಎಲೆಯಿಂದ ಪುಟ್ಟ ಬಿಲ್ಲೆ ಕತ್ತರಿಸಿ, ಅಡುಗೆ ಸೋಡಾ ಬೆರೆಸಿದ ನೀರಿನ ಜೊತೆ ಸಿರಿಂಜಿಗೆ ಹಾಕುತ್ತೇವೆ. ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಸಿರಿಂಜಿನ ಹಿಡಿಕೆ ಎಳೆದು ಬಿಟ್ಟರೆ ಎಲೆಯೊಳಗಿನ ಗಾಳಿ ಹೊರಟುಹೋಗಿ, ಆ ಜಾಗಕ್ಕೆ ನೀರು ನುಗ್ಗಿ ಬಿಲ್ಲೆ ಮುಳುಗುತ್ತದೆ. ಬೆಳಕಿಗಿಟ್ಟರೆ ಆಮ್ಲಜನಕ ತುಂಬಿಕೊಂಡು ಒಂದೊಂದೇ ತೇಲಿ ಬರುತ್ತವೆ. ಈಗ, ಇದನ್ನೇ ಹಲವು ಸಲ ಮಾಡಿದಾಗ ಹತ್ತು ಬಿಲ್ಲೆಗಳಲ್ಲಿ ಕೆಂಪು ಬೆಳಕಿಗೆ ಸರಾಸರಿ 7 ತೇಲಿದವು, ಹಸಿರಿಗೆ 5 ಅಂತಿಟ್ಟುಕೊಳ್ಳಿ. ಎಲ್ಲರೂ “ಕೆಂಪೇ ಜಾಸ್ತಿ” ಅಂತ ಬರೆದು ಪೆನ್ನು ಕೆಳಗಿಡುತ್ತಾರೆ. ಗೆರೆ ನೋಡ್ರಪ್ಪಾ! ಸರಾಸರಿಯ ಮೇಲೂ ಕೆಳಗೂ ಎರಡೆರಡು ಸ್ಟ್ಯಾಂಡರ್ಡ್ ಎರರ್ (ನಮ್ಮ ಸರಾಸರಿ ಎಷ್ಟು ಆಚೀಚೆ ಆಗಿರಬಹುದು ಅನ್ನೋ ಅಂದಾಜು) ಹಾಕಿದಾಗ ಕೆಂಪಿನ ಗೆರೆ 5ರಿಂದ 9ರವರೆಗಿದೆ, ಹಸಿರಿನದು 3ರಿಂದ 7ರವರೆಗೆ. 5ರಿಂದ 7ರ ನಡುವೆ ಒಂದರ ಮೇಲೊಂದು ಬಿದ್ದಿವೆ. ಅಂದಮೇಲೆ ಕೆಂಪು ಬೆಳಕೇ ಕಾರಣ ಅಂತ ಧೈರ್ಯವಾಗಿ ಹೇಳುವ ಹಾಗಿಲ್ಲ. ಬರೀ ಅದೃಷ್ಟದಿಂದಲೂ ಇಷ್ಟು ವ್ಯತ್ಯಾಸ ಬಂದಿರಬಹುದು. ಹಾಗಂತ ಎರಡೂ ಒಂದೇ ಅಂತಲೂ ಬರೆಯಬಾರದು. “ಗೊತ್ತಿಲ್ಲ” ಬೇರೆ, “ವ್ಯತ್ಯಾಸವೇ ಇಲ್ಲ” ಬೇರೆ. ಇದನ್ನು ವರ್ಷವಿಡೀ ಹೇಳುತ್ತೇನೆ, ಏಪ್ರಿಲ್‌ನಲ್ಲೂ ಯಾರೋ ಒಬ್ಬರು ಹಾಗೇ ಬರೆದಿರುತ್ತಾರೆ. (ಸರಿಯಾದ ಟೆಸ್ಟ್ ಮಾಡಿದರೆ ಕೆಲವೊಮ್ಮೆ ಇಂಥಲ್ಲೂ ವ್ಯತ್ಯಾಸ ಸಿಗುತ್ತದೆ ಅಂತ ಸಂಖ್ಯಾಶಾಸ್ತ್ರದವರು ತಕರಾರು ತೆಗೆಯಬಹುದು. ನಿಜ. ಎಪಿಗೆ ಇಷ್ಟು ಸಾಕು.)

ಏನೂ ನೆನಪಿಡಬೇಡಿ ಅಂತಲ್ಲ. ಮೈಟೋಕಾಂಡ್ರಿಯ ಅಂದರೇನು ಅಂತ ಗೊತ್ತಿಲ್ಲದಿದ್ದರೆ ಪ್ರಶ್ನೆಯೇ ಅರ್ಥವಾಗಲ್ಲ. ಆದರೆ ಮನೆಯಲ್ಲಿ ಮಗಳ ಓದು ಪರೀಕ್ಷಿಸಲೇಬೇಕು ಅನ್ನಿಸಿದರೆ ಹಂತಗಳನ್ನು ಒಪ್ಪಿಸಲು ಹೇಳಬೇಡಿ. ಒಂದು ಗ್ರಾಫ್ ತೋರಿಸಿ, ಆ ಗೆರೆ ಸ್ಟ್ಯಾಂಡರ್ಡ್ ಎರರ್ರೋ ಸ್ಟ್ಯಾಂಡರ್ಡ್ ಡಿವಿಯೇಷನ್ನೋ (ಒಂದೊಂದು ಅಳತೆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋದು) ಕೇಳಿ. ತಡವರಿಸಿದರೆ ಬೈಯಬೇಡಿ, ಸೋಮವಾರ ಊಟದ ಬಿಡುವಿನಲ್ಲಿ ನನ್ನ ಹತ್ರ ಕಳಿಸಿ.