ವಲೋರಿಸ್‌ನ ಆವಿಗೆಗಳು: ಅಡುಗೆಯ ಗಡಿಗೆ ಕಲೆಯಾದ ಬಗೆ

ದಕ್ಷಿಣ ಫ್ರಾನ್ಸಿನ ಕಡಲತಡಿಗೆ ಸಮೀಪದ ವಲೋರಿಸ್ ಎಂಬ ಊರು ಕಲೆಗೆ ಹೆಸರಾಗುವ ಎಷ್ಟೋ ಮೊದಲೇ ಅಡುಗೆಯ ಮಡಕೆಗೆ ಹೆಸರಾಗಿತ್ತು. ಜನರಿಲ್ಲದೆ ಪಾಳುಬಿದ್ದಿದ್ದ ಈ ಊರಿಗೆ 16ನೆಯ ಶತಮಾನದ ಆರಂಭದಲ್ಲಿ ಇಟಲಿಯ ಜಿನೋವಾ ಸೀಮೆಯ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಲಾಯಿತು. ಒಲೆಯ ಉರಿಗೆ ಬಿರಿಯದ ಇಲ್ಲಿನ ಜೇಡಿಮಣ್ಣಿನಿಂದ ಕುಂಬಾರರು ‘ಪಿನ್ಯಾತ್’ ಎಂಬ ದುಂಡನೆಯ ಗಡಿಗೆಗಳನ್ನು ತಲೆಮಾರುಗಳ ಕಾಲ ಮಾಡಿದರು. 20ನೆಯ ಶತಮಾನದಲ್ಲಿ ಅಲ್ಯೂಮಿನಿಯಂ ಪಾತ್ರೆಗಳು ಅಡುಗೆಮನೆ ಸೇರಿದಂತೆ ಆವಿಗೆಗಳು ಒಂದೊಂದಾಗಿ ತಣ್ಣಗಾದವು.

ಪಾಬ್ಲೊ ಪಿಕಾಸೊ ಅಲ್ಲಿಗೆ ಬಂದದ್ದು ಈ ಇಳಿಗಾಲದಲ್ಲಿ. 1946ರಲ್ಲಿ ಊರಿನ ಕುಂಬಾರಿಕೆಯ ಪ್ರದರ್ಶನ ನೋಡಲು ಹೋದ ಅವರು, ಸುಜಾನ್ ಮತ್ತು ಜಾರ್ಜ್ ರಮಿಯೆ ದಂಪತಿಯ ‘ಮದೂರಾ’ ಕಾರ್ಯಾಗಾರದಲ್ಲಿ ಕೆಲವು ಸಣ್ಣ ಆಕೃತಿಗಳನ್ನು ಮಾಡಿಟ್ಟು, ಮರುವರ್ಷ ಬಂದು ಕೆಲಸಕ್ಕೇ ಕುಳಿತರು. ಸ್ಪೇನಿನ ಕಡಲೂರು ಮಾಲಗದಲ್ಲಿ ಹುಟ್ಟಿದ ಅವರಿಗೆ ಮೆಡಿಟರೇನಿಯನ್ ಹೊಸ ಲೋಕವೇನಲ್ಲ. ಗೂಳಿ, ಮೇಕೆ, ಗೂಬೆ, ಪುರಾಣದ ಕೊಂಬುಳ್ಳ ವನದೇವತೆಗಳು ತಟ್ಟೆಗಳ ಮೇಲೂ ಹೂಜಿಗಳ ಮೇಲೂ ಬೇಗನೆ ನೆಲೆಯಾದವು.

ಅವರ ಕಣ್ಣಮುಂದಿದ್ದ ಮಾದರಿಗಳಲ್ಲಿ ಪ್ರಾಚೀನ ಗ್ರೀಸಿನ ಕಪ್ಪುಚಿತ್ರದ ಕಲಶಗಳು ಮುಖ್ಯವಾದವು. ಕ್ರಿ.ಪೂ. 6ನೆಯ ಶತಮಾನದ ಅಥೆನ್ಸಿನ ಕುಂಬಾರರು ಆ ಕಪ್ಪನ್ನು ಬೇರೆ ಬಣ್ಣದಿಂದ ತಂದವರಲ್ಲ. ಕಬ್ಬಿಣದ ಅಂಶವಿರುವ ಮಣ್ಣನ್ನೇ ನಯವಾದ ತಿಳಿಯಾಗಿಸಿ ಚಿತ್ರ ಬರೆದು, ಆವಿಗೆಗೆ ಮೊದಲು ಗಾಳಿ ಬಿಟ್ಟು, ಆಮೇಲೆ ಕಿಂಡಿ ಮುಚ್ಚಿ ಹೊಗೆಯಲ್ಲಿ ಎಲ್ಲವನ್ನೂ ಕಪ್ಪಾಗಿಸಿ, ಕೊನೆಗೆ ಮತ್ತೆ ಗಾಳಿಯಾಡಿಸುತ್ತಿದ್ದರು. ಆಗ ಪಾತ್ರೆಯ ಮೈ ಕೆಂಪಿಗೆ ಮರಳಿದರೂ ಗಾಜಿನಂತೆ ಬಿಗಿದುಕೊಂಡ ಚಿತ್ರ ಮಾತ್ರ ಕಪ್ಪಾಗಿಯೇ ಉಳಿಯುತ್ತಿತ್ತು. ಪಿಕಾಸೊ ಈ ಸುಡುವ ವಿದ್ಯೆಯ ಗೋಜಿಗೆ ಹೋಗದೆ, ಕೆಂಪು ಮಣ್ಣಿನ ಮೇಲೆ ಕಪ್ಪು ಲೇಪ ಬಳಿದು ಗೆರೆ ಕೊರೆದರು. ಅವರು ಪಡೆದದ್ದು ನೋಟವನ್ನು, ತಂತ್ರವನ್ನಲ್ಲ.

ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಬಗೆಯ ಕೃತಿಗಳು. ತಿಗುರಿಯಿಂದ ಆಗತಾನೇ ಇಳಿದ ಹಸಿ ಹೂಜಿಯನ್ನು ಅವರು ಕೈಯಿಂದ ಒತ್ತಿ ಬಾಗಿಸಿ, ನಿಂತ ಹೆಂಗಸಿನ ರೂಪಕ್ಕೆ ತರುತ್ತಿದ್ದರು. 1870ರ ದಶಕದಲ್ಲಿ ಗ್ರೀಸಿನ ತನಾಗ್ರದ ಗೋರಿಗಳಲ್ಲಿ ಸಿಕ್ಕ ಸುಟ್ಟಮಣ್ಣಿನ ಪುಟ್ಟ ಹೆಣ್ಣುಬೊಂಬೆಗಳ ನೆನಪು ಇವುಗಳಲ್ಲಿದೆ. ಒಡೆದ ಪಿನ್ಯಾತ್‌ಗಳ ಬೋಕಿಗಳನ್ನೂ ಅವರು ಬಿಡದೆ, ಅವುಗಳ ಮೇಲೆ ಮುಖಗಳನ್ನು ಬರೆದರು. ಊರಿನ ಒಲೆಯ ಗಡಿಗೆಯೂ ವಸ್ತುಸಂಗ್ರಹಾಲಯದ ಕಲಶವೂ ಒಂದೇ ಕಡಲತಡಿಯ ಕುಂಬಾರಿಕೆಯ ಎರಡು ಕವಲುಗಳೆಂದು ತೋರಿಸಿಕೊಟ್ಟದ್ದು ಈ ಬೋಕಿಗಳೇ.

1947ರಿಂದ 1971ರವರೆಗೆ ಅವರ 633 ವಿನ್ಯಾಸಗಳನ್ನು ಮದೂರಾ ಸೀಮಿತ ಸಂಖ್ಯೆಯ ಪ್ರತಿಗಳಾಗಿ ತಯಾರಿಸಿತು. ಆ ಹಸಿ ಹೂಜಿಗಳನ್ನು ಪಿಕಾಸೊಗಾಗಿ ತಿಗುರಿಯ ಮೇಲೆ ಎತ್ತಿಕೊಟ್ಟವರು ಕಾರ್ಯಾಗಾರದ ಕುಂಬಾರ ಜೂಲ್ ಅಗಾರ್. ಪ್ರತಿಗಳ ತಳದಲ್ಲಿ ಒತ್ತಿರುವ ಮುದ್ರೆಗಳಲ್ಲಿ ಪಿಕಾಸೊ ಹೆಸರಿದೆ, ಮದೂರಾ ಹೆಸರಿದೆ. ತಿಗುರಿ ತಿರುಗಿಸಿದವರ ಹೆಸರಿಲ್ಲ.